ಫ್ಯಾನ್ ಜೋರು ಮಾಡಲಾ?

ಮೊಳೆ ಅಂಗಡಿಯ ಅಜ್ಜಿ ಒಳಗಿನಿಂದ ಕುರ್ಚಿ ಎಳೆದು ತಂದು, ಅದರ ಮೇಲಿನ ಧೂಳನ್ನು ಬಟ್ಟೆಯಲ್ಲಿ ಒರೆಸಿ, ಕೂತುಕೊಳ್ಳಿ ಸಾರ್ ಎಂದಾಗ ಅವನು ಬೇಡ ಎನ್ನಬೇಕಾಗಿತ್ತು. ಇಪ್ಪತ್ತೊಂಬತ್ತು ವರ್ಷದಿಂದ ಹಾಗೇ ಅನ್ನುತ್ತ ಬಂದಿದ್ದ. ತೂಕ ಮತ್ತು ಅಳತೆ ಇಲಾಖೆಗೆ ಹೊಸದಾಗಿ ಸೇರಿದವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಇದು: ಇನ್ಸ್‌ಪೆಕ್ಟರನ್ನು ಕಂಡ ಕೂಡಲೇ ಕುರ್ಚಿ ತರಿಸುವವನ ತಕ್ಕಡಿಯನ್ನು ಎರಡು ಸಲ ನೋಡಿ; ಟೀ ತರಿಸಿದರೆ ಮೂರು ಸಲ ನೋಡಿ; ಬಿಸಿಲಲ್ಲಿ ಬಂದಿದ್ದೀರಿ, ದಣಿದಿದ್ದೀರಿ ಎಂದರೆ ತೂಕದ ಕಲ್ಲುಗಳನ್ನು ತಲೆಕೆಳಗು ಮಾಡಿ ನೋಡಿ, ಒಳಗಿನ ಸೀಸ ತೆಗೆದಿರುತ್ತಾರೆ. ಹೊಸಬರು ನಗುತ್ತ ಬರೆದುಕೊಳ್ಳುತ್ತಿದ್ದರು. ಸುಳ್ಳು ಹೇಳುವ ಮನಸ್ಸಿಗೆ ಎದುರಿಗಿರುವವನ ಸುಖದುಃಖದ ಮೇಲೆ ಎಲ್ಲಿಲ್ಲದ ಕಾಳಜಿ ಬರುತ್ತದೆ ಎಂದು ಅವನು ಕಂಡುಕೊಂಡಿದ್ದ. ಕಂಡುಕೊಂಡದ್ದಕ್ಕೆ ಒಳಗೊಳಗೇ ಹೆಮ್ಮೆಪಟ್ಟಿದ್ದ. ಈಗ ಅಂಥದೇ ಒಂದು ಕುರ್ಚಿಯ ಮೇಲೆ ಕೂತಿದ್ದಾನೆ. ಕಾಲುಗಳು ಅವನನ್ನು ಕೇಳದೆಯೇ ಮಡಚಿಕೊಂಡಿದ್ದವು. ತೊಡೆಯ ಮೇಲೆ ಇಲಾಖೆಯ ಪೆಟ್ಟಿಗೆ, ಅದರೊಳಗೆ ನೀಲಿ ಮಕಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕಗಳು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಎರಡು ದಿನದಿಂದ ಯಾರು ಮುಖ ನೋಡಿದರೂ ಅವನಿಗೆ ಅಂಗಿಯ ಗುಂಡಿ ಬಿಚ್ಚಿಹೋಗಿದೆಯೇನೋ ಎನ್ನಿಸುತ್ತಿತ್ತು.

ಶನಿವಾರ ಮಧ್ಯಾಹ್ನದ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ರಜ. ರೋಗಿಗಳು ಕಾಯುವ ಕೋಣೆಯಲ್ಲಿ ನಾಲ್ಕು ಕುರ್ಚಿಗಳನ್ನು ಸಾಲಿನಿಂದ ಬಿಡಿಸಿ, ಗಿಡ್ಡ ಮೇಜಿನ ಮೇಲಿನ ಹಳೇ ಪತ್ರಿಕೆಗಳನ್ನು ನೆಲಕ್ಕಿಳಿಸಿ, ಲವಂಗದ ಎಣ್ಣೆಯ ವಾಸನೆಯ ನಡುವೆ ಹನ್ನೊಂದು ವರ್ಷದಿಂದ ಅವರು ಪೋಕರ್ ಆಡುತ್ತ ಬಂದಿದ್ದರು. ಅವನು, ಡಾಕ್ಟರು, ಅಂಚೆ ಕಚೇರಿಯಿಂದ ನಿವೃತ್ತರಾದ ಪೋಸ್ಟ್ ಮೇಡಂ. ನಾಲ್ಕನೆಯವರಾಗಿದ್ದ ಬ್ಯಾಂಕಿನವರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಒಂದು ತಿಂಗಳಿಂದ ಅವನ ಅಳಿಯ ಬರುತ್ತಿದ್ದ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಮದುವೆಯಾಗಿ ವರ್ಷವಾದರೂ ಮಾವನೆದುರು ಕಾಲ ಮೇಲೆ ಕಾಲು ಹಾಕದವನು. ದುಡ್ಡಿಟ್ಟು ಆಡುತ್ತಿರಲಿಲ್ಲ. ರೋಗಿಗಳಿಗೆ ಸರದಿಗಾಗಿ ಕೊಡುವ ನಂಬರಿನ ಬಿಲ್ಲೆಗಳೇ ಪಣ. ಕೊನೆಗೆ ಯಾರ ಹತ್ತಿರ ಕಡಿಮೆ ಬಿಲ್ಲೆ ಉಳಿಯುತ್ತದೋ ಅವರು ಟೀ ಲೋಟ ತೊಳೆಯಬೇಕು. ಆಟ ಸರಳ. ತಲೆಗೆ ಐದೈದು ಎಲೆ. ಬೇಡದ ಎಲೆಗಳನ್ನು ಒಂದು ಸಲ ಬದಲಾಯಿಸಿಕೊಳ್ಳಬಹುದು. ಆಮೇಲೆ ಬಿಲ್ಲೆ ಏರಿಸುತ್ತ ಹೋಗುವುದು. ಒಳ್ಳೆಯ ಎಲೆ ಇದ್ದವನು ಗೆಲ್ಲಬಹುದು. ಒಳ್ಳೆಯ ಎಲೆ ಇದೆ ಎಂದು ನಂಬಿಸಿ ಉಳಿದವರನ್ನು ಹೆದರಿಸಿ ಓಡಿಸಿದವನೂ ಗೆಲ್ಲಬಹುದು. ಎಲ್ಲರೂ ಎಲೆ ಕೆಳಗಿಟ್ಟುಬಿಟ್ಟರೆ ಗೆದ್ದವನು ತನ್ನ ಕೈಯಲ್ಲಿ ಏನಿತ್ತೆಂದು ತೋರಿಸಬೇಕಾಗಿಲ್ಲ. ಅವನಿಗೆ ಆ ಆಟ ಹಿಡಿಸಿದ್ದೇ ಅದಕ್ಕೆ, ತೋರಿಸಬೇಕಾಗಿಲ್ಲ ಎನ್ನುವುದಕ್ಕೆ.

ಜೊತೆಗೆ ಓದಲು ಮುಖಗಳಿದ್ದವು. ಡಾಕ್ಟರಿಗೆ ಒಳ್ಳೇ ಎಲೆ ಬಿದ್ದರೆ ಮೇಜಿನ ಕೆಳಗೆ ಎಡಗಾಲು ಚಪ್ಪಲಿ ಬಿಟ್ಟು ಹೊರಗೆ ಬರುತ್ತಿತ್ತು. ಪೋಸ್ಟ್ ಮೇಡಂ ಕೈಯಲ್ಲಿ ಏನೂ ಇಲ್ಲದಿದ್ದರೆ ಎಲೆಗಳನ್ನು ಮತ್ತೆ ಮತ್ತೆ ನೋಡುತ್ತಿದ್ದರು, ವಿಳಾಸ ಸರಿಯಿಲ್ಲದ ಕಾಗದವನ್ನು ನೋಡುವ ಹಾಗೆ. ರಾಜ ರಾಣಿ ಇದ್ದವರಿಗೆ ಇನ್ನೊಂದು ಸಲ ನೋಡುವ ಅಗತ್ಯವೇನು. ಬ್ಯಾಂಕಿನವರು ಸುಳ್ಳಾಡುವಾಗ ಬಿಲ್ಲೆಗಳನ್ನು ಸ್ವಲ್ಪ ಸದ್ದು ಮಾಡಿ ಇಡುತ್ತಿದ್ದರು. ಇದನ್ನೆಲ್ಲ ಅವನು ಹೆಂಡತಿಗೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳು ಗ್ರಂಥಾಲಯದ ಹರಿದ ಪುಸ್ತಕಗಳನ್ನು ಮನೆಗೆ ತಂದು ಹೊಲಿದುಕೊಡುವವಳು, ಸೂಜಿ ಆಡಿಸುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ದಾರವನ್ನು ಹಲ್ಲಿನಿಂದ ಕತ್ತರಿಸಿ, ಮತ್ತೆ ನಿಮ್ಮದು? ನಿಮ್ಮದು ಯಾರಿಗೂ ಗೊತ್ತಾಗಲ್ವಾ ಎಂದು ಕೇಳಿದ್ದಳು. ನನ್ನದು ಸರ್ಕಾರಿ ಮುಖ ಕಣೇ, ಸೀಲ್ ಹಾಕಿದ್ದು ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಆ ನಗುವನ್ನು ಈಗ ಎಷ್ಟನೆಯ ಸಲವೋ ಹೊರಗೆ ತೆಗೆದು, ತಿರುಗಿಸಿ, ಅಡಿಯಲ್ಲಿ ಸೀಸ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದ.

ಆ ಶನಿವಾರ ಅವನ ಕೈಗೆ ಬಂದಿದ್ದದ್ದು ಒಂದು ಎಕ್ಕ, ಮತ್ತೆ ಬಸ್ಸಿನಲ್ಲಿ ಅಕ್ಕಪಕ್ಕ ಕೂತವರ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಎಲೆ. ಬದಲಾಯಿಸಿದ ಮೇಲೂ ಅಷ್ಟೇ. ಆದರೂ ಹತ್ತು ಬಿಲ್ಲೆ ಮುಂದೆ ತಳ್ಳಿದ. ತಳ್ಳಿ, ಮುಖವನ್ನು ಹಲಗೆಯ ಹಾಗೆ ಇಟ್ಟುಕೊಂಡು, ಡಾಕ್ಟರ ಕಡೆ ತಿರುಗಿ, ಸೆಕೆ ಅಲ್ವಾ, ಫ್ಯಾನ್ ಜೋರು ಮಾಡ್ಲಾ ಎಂದು ಕೇಳಿದ. ಡಾಕ್ಟರು ಪರವಾಗಿಲ್ಲ ಎಂದು ಎಲೆ ಕೆಳಗಿಟ್ಟರು. ಪೋಸ್ಟ್ ಮೇಡಂ ಕೂಡ ಇಟ್ಟರು. ಅಳಿಯ ಮಾತ್ರ ಎಲೆ ಹಿಡಿದುಕೊಂಡೇ ಇದ್ದ. ಕಷ್ಟದ ಲೆಕ್ಕವೊಂದು ತಾನಾಗಿ ಬಿಡಿಸಿಕೊಂಡಾಗ ಮೇಷ್ಟ್ರುಗಳ ಮುಖದಲ್ಲಿ ಬರುವಂಥ ಸಂತೋಷ ಅವನ ಮುಖದಲ್ಲಿತ್ತು.

"ಮಾವ, ನಾಲ್ಕು ವಾರದಿಂದ ನೋಡ್ತಿದೀನಿ. ನೀವು ಫ್ಯಾನ್ ಬಗ್ಗೆ ಕೇಳಿದ್ರೆ ಕೈಯಲ್ಲಿ ಏನೂ ಇರಲ್ಲ. ನೀರು ಬೇಕಾ ಅಂದ್ರೂ ಅಷ್ಟೇ. ಎಲೆ ಚೆನ್ನಾಗಿದ್ದಾಗ ನೀವು ಯಾರನ್ನೂ ಏನೂ ಕೇಳೋದೇ ಇಲ್ಲ."

ನಗಬೇಕಾಗಿತ್ತು, ಯಾರೂ ನಗಲಿಲ್ಲ. ಪೋಸ್ಟ್ ಮೇಡಂ ಕೈ ತಗುಲಿ ಅವರ ಬಿಲ್ಲೆಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವರು ಬಗ್ಗಿದರು, ಡಾಕ್ಟರೂ ಬಗ್ಗಿದರು. ಮಂಡಿ ನೋವಿನ ಇಬ್ಬರು ವಯಸ್ಸಾದವರು ಏಳೆಂಟು ಬಿಲ್ಲೆ ಹುಡುಕಲು ಬೇಕಾದ್ದಕ್ಕಿಂತ ಬಹಳ ಹೊತ್ತು ಮೇಜಿನ ಕೆಳಗೇ ಇದ್ದರು. ಪಾಠ ಹೇಳೋರನ್ನ ಆಟಕ್ಕೆ ಸೇರಿಸ್ಕೊಂಡ್ರೆ ಇದೇ ಗೋಳು ನೋಡಿ ಎಂದು ಪೋಸ್ಟ್ ಮೇಡಂ ಕೆಳಗಿನಿಂದಲೇ ಹೇಳಿದರು. ದನಿಯಲ್ಲಿ ಮೆದುವಾದ ಒಂದು ಗದರಿಕೆಯಿತ್ತು, ಆಶ್ಚರ್ಯ ಇರಲಿಲ್ಲ. ಅವನು ಓದಿದ್ದು ಅದನ್ನು. ಆಶ್ಚರ್ಯ ಇರಲಿಲ್ಲ. ಮೇಲೆದ್ದ ಡಾಕ್ಟರ ಕಿವಿ ಕೆಂಪಾಗಿತ್ತು. ಅಳಿಯನಿಗೆ ತಾನು ಏನೋ ಒಡೆದುಹಾಕಿದೆ ಎಂದು ಅಷ್ಟರಲ್ಲಿ ತಿಳಿದಿತ್ತು, ಏನು ಎಂದು ತಿಳಿದಿರಲಿಲ್ಲ. ಅವನ ಕೈಯಲ್ಲಿದ್ದ ಎಲೆಗಳು ಬೆವರಿಗೆ ಅಂಟಿಕೊಂಡಿದ್ದವು. ಹೌದೇನೋಪ್ಪ ಎಂದು ಮಾವನೇ ನಕ್ಕು, ಎಲೆ ಕಲೆಸಿ, ಇನ್ನೂ ಮೂರು ಸುತ್ತು ಆಡಿ, ಸೋತು, ಲೋಟ ತೊಳೆಯಲು ಎದ್ದುಹೋದ.

ನಲ್ಲಿಯ ಕೆಳಗೆ ಲೋಟ ಹಿಡಿದಾಗ ಅವನಿಗೆ ಮೂರು ರಾಜರು ನೆನಪಾದರು. ಎಷ್ಟೋ ವರ್ಷದ ಹಿಂದಿನ ಒಂದು ಆಟ. ಅವನು ಬರಿಗೈಯಲ್ಲಿ ಹದಿನೈದು ಬಿಲ್ಲೆ ತಳ್ಳಿದ್ದ, ಪೋಸ್ಟ್ ಮೇಡಂ ಸ್ವಲ್ಪ ಯೋಚಿಸಿ ಎಲೆ ಬೋರಲು ಹಾಕಿದ್ದರು. ಕಲೆಸಲೆಂದು ಕೂಡಿಸಿಕೊಳ್ಳುವಾಗ ಒಂದು ಮಗುಚಿ, ಇನ್ನೊಂದು ಇಣುಕಿ, ಅವರ ಕೈಯಲ್ಲಿ ಮೂರು ರಾಜರಿದ್ದದ್ದು ಕಣ್ಣಿಗೆ ಬಿದ್ದಿತ್ತು. ಪಾಪ, ಧೈರ್ಯ ಸಾಲದು ಆಯಮ್ಮನಿಗೆ ಎಂದು ಅವತ್ತು ಹೆಂಡತಿಯ ಹತ್ತಿರ ಹೇಳಿ ನಕ್ಕಿದ್ದ. ಅವತ್ತು ಏನು ಕೇಳಿದ್ದ ತಾನು? ಕಿಟಕಿ ಹಾಕಲಾ ಎಂದೋ, ಬೆನ್ನಿಗೆ ದಿಂಬು ಕೊಡಲಾ ಎಂದೋ. ಡಾಕ್ಟರು ಎರಡು ಮೂರು ತಿಂಗಳಿಗೊಮ್ಮೆ ಅವನನ್ನು ಹಿಡಿದುಹಾಕುತ್ತಿದ್ದರು, ತೋರಿಸಿ ನೋಡೋಣ ಎನ್ನುತ್ತಿದ್ದರು. ಅದೂ ಅವನಿಗೆ ಅನುಮಾನ ಬಾರದಿರಲೆಂದೇ ಇರಬೇಕು. ಹನ್ನೊಂದು ವರ್ಷ ಅವರು, ಬಾಯಿ ಬಿಟ್ಟು ಒಂದು ಮಾತೂ ಆಡಿಕೊಳ್ಳದೆ, ಅವನನ್ನು ಗೆಲ್ಲಲು ಬಿಟ್ಟಿದ್ದರು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ತಕ್ಕಡಿಯ ಮುಳ್ಳು ನಡುವೆ ನಿಲ್ಲುವಷ್ಟು. ಕೋಪ ಮಾಡಿಕೊಳ್ಳೋಣವೆಂದರೆ ಹಿಡಿಯಲು ಒಂದು ತುದಿಯೂ ಸಿಗಲಿಲ್ಲ. ಯಾರ ಮೇಲೆ ಕೋಪ? ಮೂರು ರಾಜರನ್ನು ಬೋರಲು ಹಾಕಿದವರ ಮೇಲೆಯೇ?

"ಸಾರ್, ತಕ್ಕಡಿ ತೆಗೆದು ಕೊಡ್ಲಾ, ಅಲ್ಲೇ ನೋಡ್ತೀರಾ?" ಎಂದಳು ಅಜ್ಜಿ. ಅವನು ಎದ್ದ. ಒಂದು ತಟ್ಟೆಯಲ್ಲಿ ತನ್ನ ಒಂದು ಕಿಲೋದ ಹಿತ್ತಾಳೆ, ಇನ್ನೊಂದರಲ್ಲಿ ಅವಳ ಕಬ್ಬಿಣ. ಮುಳ್ಳು ಅತ್ತಿತ್ತ ಒಂದೆರಡು ಸಲ ಆಡಿ ನಟ್ಟನಡುವೆ ನಿಂತಿತು. ಅರ್ಧ ಕಿಲೋ, ಇನ್ನೂರು, ನೂರು, ಐವತ್ತು. ತಟ್ಟೆಗಳನ್ನು ಅದಲುಬದಲು ಮಾಡಿದ, ಕಲ್ಲುಗಳ ಅಡಿ ನೋಡಿದ. ಸೀಸ ಇದ್ದ ಹಾಗೇ ಇತ್ತು, ಅದರ ಮೇಲೆ ಹಿಂದಿನ ವರ್ಷಗಳ ಮುದ್ರೆ, ಅವನೇ ಒತ್ತಿದ್ದು. ಮೊಳೆ ಮಾರುವವರು ಸಾಮಾನ್ಯವಾಗಿ ತುಕ್ಕಿನ ನೆಪ ಹೇಳುತ್ತಾರೆ. ಇಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾದರೆ ಕುರ್ಚಿ ಯಾಕೆ ತಂದಿರಿ ಎಂದು ಅವನು ಕೇಳಿಬಿಟ್ಟ. ಕೇಳಿದ ಮೇಲೆ ಅದೆಂಥ ಪ್ರಶ್ನೆ ಎನ್ನಿಸಿತು. ಅಜ್ಜಿಗೂ ಅರ್ಥವಾಗಲಿಲ್ಲ. ನೀವು ಒಳಗೆ ಬಂದಾಗ ಮುಖ ಸುಣ್ಣದ ಹಾಗಿತ್ತು, ನಿಂತಲ್ಲೇ ಬಿದ್ದುಬಿಡ್ತೀರೇನೋ ಅನ್ನಿಸ್ತು, ನಮ್ಮ ಯಜಮಾನರೂ ಹೀಗೇ ಬಿದ್ದದ್ದು, ಅದಕ್ಕೇ ಎಂದಳು. ಅವನು ಹೊಸ ಮುದ್ರೆ ಒತ್ತಿದ. ಸುತ್ತಿಗೆಯ ಪೆಟ್ಟು ಒಂದು ಸಲಕ್ಕೆ ಸರಿಯಾಗಿ ಬೀಳಲಿಲ್ಲ, ಎರಡನೆಯ ಸಲ ಹೊಡೆದ. ಇಪ್ಪತ್ತೊಂಬತ್ತು ವರ್ಷದಲ್ಲಿ ತಾನು ಕೂರದೇ ಬಿಟ್ಟ ಕುರ್ಚಿಗಳೆಲ್ಲ, ಆ ಬೀದಿಯುದ್ದಕ್ಕೂ, ಒಂದೊಂದು ಅಂಗಡಿಯ ಬಾಗಿಲಿನಿಂದ ಹೊರಗೆ ಬಂದು ಸಾಲಾಗಿ ನಿಂತಂತೆ ಅನ್ನಿಸಿ, ಪೆಟ್ಟಿಗೆ ಎತ್ತಿಕೊಂಡು ತಲೆ ತಗ್ಗಿಸಿ ನಡೆದ.

ನಿನ್ನೆ ಭಾನುವಾರ ಬೆಳಿಗ್ಗೆ ಅವನು ಟೀ ಮಾಡಿರಲಿಲ್ಲ. ಭಾನುವಾರದ ಟೀ ಅವನದು, ಮದುವೆಯಾದ ಮೊದಲ ವಾರದಿಂದ, ಮೂವತ್ತೆರಡು ವರ್ಷದಿಂದ. ಎದ್ದು ಅಡುಗೆಮನೆಗೆ ಹೋಗಿದ್ದ, ನೀರನ್ನೂ ಇಟ್ಟಿದ್ದ. ಆಮೇಲೆ, ಇದನ್ನು ಒಯ್ದು ಕೊಟ್ಟರೆ ಅವಳು ಏನೆಂದುಕೊಳ್ಳುತ್ತಾಳೆ ಎಂಬ ಯೋಚನೆ ಬಂದು, ಒಲೆ ಆರಿಸಿ, ಕುದಿಯುವುದರಲ್ಲಿದ್ದ ನೀರನ್ನು ಚೆಲ್ಲಿ ಬಂದು ಮತ್ತೆ ಮಲಗಿದ್ದ. ಅವಳು ಎದ್ದು ಖಾಲಿ ಮೇಜು ನೋಡಿ, ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಎಂದಿದ್ದಳು. ಮಧ್ಯಾಹ್ನ ಅವಳ ಕೈಯಿಂದ ಭಾರದ ಚೀಲ ಇಸಿದುಕೊಳ್ಳಲು ಹೋದವನು ಅರ್ಧದಲ್ಲಿ ಕೈ ಹಿಂದೆ ತೆಗೆದಿದ್ದ. ಬಾಗಿಲು ತೆರೆದು ಹಿಡಿಯಲು ಹೆದರಿಕೆ. ದೀಪ ಹಾಕಲಾ ಎಂದು ಕೇಳಲು ಹೆದರಿಕೆ. ತನ್ನೊಳಗಿನ ಒಳ್ಳೆಯತನವೆಲ್ಲ ಯಾವುದೋ ಸುಳ್ಳಿನ ಮುಂದೆ ಓಡುವ ಆಳು ಎಂದು ಒಮ್ಮೆ ಗೊತ್ತಾದ ಮೇಲೆ, ಮನುಷ್ಯ ಒಂದು ಚೀಲವನ್ನಾದರೂ ಹೇಗೆ ಹೊರುತ್ತಾನೆ. ಅವಳು ಚೀಲ ಕೆಳಗಿಟ್ಟು ಅವನನ್ನು ಒಂದು ಸಲ ನೋಡಿ ಒಳಗೆ ಹೋಗಿದ್ದಳು.

ಇಸ್ಪೀಟಿನ ಮಾತಷ್ಟೇ ಆಗಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದ. ಲೋಟ ತೊಳೆಯುವಾಗ ಮೂರು ರಾಜರ ಹಿಂದೆಯೇ ಬಂದು ನಿಂತದ್ದು ಬೇರೆ. ಹತ್ತೊಂಬತ್ತು ವರ್ಷದ ಹಿಂದಿನ ಒಂದು ಬೆಳಿಗ್ಗೆ, ಆಸ್ಪತ್ರೆಯ ಎರಡನೇ ಮಹಡಿ, ಕೊನೆಯ ಮಂಚ. ಅತ್ತೆ ಹೋಗುವುದು ಇವತ್ತೋ ನಾಳೆಯೋ ಎಂಬಂತಿತ್ತು. ಹೆಂಡತಿ ತಾಯಿಯ ಪಕ್ಕದಿಂದ ನಾಲ್ಕು ದಿನ ನಾಲ್ಕು ರಾತ್ರಿ ಎದ್ದಿರಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ಒಂದು ಗಂಟೆ ಮಲಗಿ ಬಾ, ನಾನಿರ್ತೀನಲ್ಲ ಎಂದು ಅವನೇ ಬಲವಂತ ಮಾಡಿ ಕಳಿಸಿದ್ದ. ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದು, ಕೈ ಬಿಡಬೇಡಿ, ಕೈ ಬಿಟ್ಟರೆ ಹುಡುಕ್ತಾರೆ ಎಂದು ಹೇಳಿ ಹೋಗಿದ್ದಳು. ಅವನು ಕೈ ಹಿಡಿದು ಕೂತ. ಅತ್ತೆಯ ಉಸಿರು ಭಾರದ ಟ್ರಂಕನ್ನು ಯಾರೋ ನೆಲದ ಮೇಲೆ ಎಳೆದ ಹಾಗೆ ಬರುತ್ತಿತ್ತು. ಎಳೆದು, ನಿಂತು, ನಿಂತೇ ಇದ್ದು, ಮತ್ತೆ ಎಳೆದ ಹಾಗೆ. ನಿಂತಾಗ ಅವನು ತನ್ನ ಉಸಿರನ್ನೂ ಹಿಡಿದುಕೊಳ್ಳುತ್ತಿದ್ದ. ಎರಡೇ ನಿಮಿಷ ಎಂದುಕೊಂಡು ಎದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಮೆಟ್ಟಿಲಿಳಿದು ಕೆಳಗೆ ಹೋದ. ನಲವತ್ತು ನಿಮಿಷದ ಮೇಲೆ ಹತ್ತಿ ಬಂದಾಗ ಮಂಚದ ಸುತ್ತ ಪರದೆ ಎಳೆದಿತ್ತು. ನರ್ಸ್ ಸಮಯ ಬರೆದುಕೊಳ್ಳುತ್ತಿದ್ದಳು. ಯಾರೂ ಅವನನ್ನು ಏನೂ ಕೇಳಲಿಲ್ಲ.

ಮನೆಯವರೆಗಿನ ದಾರಿಯುದ್ದಕ್ಕೂ ಅವನಿಗೆ ಕಂಡದ್ದು ಹೊದಿಕೆಯ ಮೇಲೆ ಬಿದ್ದಿದ್ದ ಆ ಕೈ, ಹುಡುಕುತ್ತಿರುವ ಕೈ. ಅವಳು ಒದ್ದೆ ಕೂದಲಲ್ಲಿ ಬಾಗಿಲು ತೆಗೆದಳು. ಅವಳಿಗೆ ಆ ಕೈಯನ್ನು ಹೇಗೆ ಕೊಡುವುದು? ಕುರ್ಚಿ ಎಳೆದು ತಂದು ಕೂರಿಸಿದ. ಗಾಳಿ ಬರಲೆಂದು ಕಿ‌ಟಕಿ ತೆಗೆದ. ನೀರು ತಂದುಕೊಟ್ಟ. ಆಮೇಲೆ ಹೇಳಿದ: ನಿದ್ದೆ ಹೋದ ಹಾಗೆ ಹೋದರು, ನಾನು ಕೈ ಹಿಡಿದುಕೊಂಡೇ ಇದ್ದೆ. ಬಂದವರಿಗೆಲ್ಲ ಅವಳು ಅದನ್ನೇ ಹೇಳಿದಳು. ವರ್ಷಗಳ ನಂತರವೂ ಯಾರಾದರೂ ಅವಳ ತಾಯಿಯ ಮಾತು ತೆಗೆದರೆ, ಕೊನೆಗೆ ಕಷ್ಟ ಪಡಲಿಲ್ಲ, ಕೈ ಹಿಡಿದುಕೊಂಡಿದ್ದರು ಎನ್ನುತ್ತಿದ್ದಳು. ಅಂಥ ಹೊತ್ತಿನಲ್ಲಿ ಅವನಿಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು. ಶನಿವಾರದವರೆಗೂ ಅವಳು ನಂಬಿದ್ದಾಳೆ ಎಂದೇ ತಿಳಿದಿದ್ದ, ಆ ನಂಬಿಕೆಯೇ ಅವನ ಭಾರ. ಈಗ ಆ ಕುರ್ಚಿ, ಆ ಕಿಟಕಿ, ಆ ನೀರಿನ ಲೋಟ ಮೂರೂ ಎದ್ದು ನಿಂತು ಅವನ ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ನಾಲ್ಕು ವಾರ ಮೇಜಿನ ಎದುರು ಕೂತ ಅಳಿಯನಿಗೆ ತಿಳಿದದ್ದು, ಮೂವತ್ತೆರಡು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ತಿಳಿಯದೆ ಇರುತ್ತದೆಯೇ? ಗೊತ್ತಿದ್ದರೆ, ಬಂದವರ ಮುಂದೆ ಅವಳು ಅಷ್ಟು ನೆಮ್ಮದಿಯಾಗಿ ಹೇಳುತ್ತಿದ್ದದ್ದು ಏನನ್ನು? ಮತ್ತೆ, ಈ ಹತ್ತೊಂಬತ್ತು ವರ್ಷದಲ್ಲಿ ಅವನು ತಂದುಕೊಟ್ಟ ಒಂದೇ ಒಂದು ಲೋಟ ನೀರನ್ನಾದರೂ ಅವಳು ಬರೀ ನೀರೆಂದು ಕುಡಿದಿದ್ದಳೇ? ಕೇಳದೆ ಇರಲಾರೆ ಎಂದು ಅವನಿಗೆ ಗೊತ್ತಿತ್ತು. ಕೇಳಿದರೆ ಉತ್ತರ ಬರುತ್ತದೆ ಎಂದೂ ಗೊತ್ತಿತ್ತು.

ಕಚೇರಿಯಲ್ಲಿ ಪೆಟ್ಟಿಗೆ ಒಪ್ಪಿಸಿ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಕಿಟಕಿಯ ಪಕ್ಕದ ಮೇಜಿನ ಮೇಲೆ ದಪ್ಪನೆಯ ನಿಘಂಟೊಂದನ್ನು ಬಿಚ್ಚಿ ಹರಡಿಕೊಂಡಿದ್ದಳು. ಹಳೆಯ ಅಂಟು ಕೆರೆದು, ಹಾಳೆಗಳನ್ನು ಎಂಟೆಂಟರ ಕಟ್ಟು ಮಾಡಿ, ಮೇಣ ಹಚ್ಚಿದ ದಾರದಲ್ಲಿ ಒಂದಕ್ಕೊಂದು ಹೊಲಿಯುತ್ತಿದ್ದಳು. ತಲೆ ಎತ್ತದೆ, ಅಳಿಯ ಫೋನ್ ಮಾಡಿದ್ದ ಎಂದಳು. ಶನಿವಾರದಿಂದ ಅವನಿಗೆ ಊಟ ಸೇರುತ್ತಿಲ್ಲವಂತೆ. ಮಾವನಿಗೆ ಕೋಪವೇ, ಇನ್ನು ಮೇಲೆ ಆಟಕ್ಕೆ ಬರಬಾರದೇ ಎಂದು ಕೇಳಿದನಂತೆ. ಮಗಳು ಹಿಂದಿನಿಂದ, ಇವರಿಗೆ ಬುದ್ಧಿ ಹೇಳಮ್ಮ, ಲೆಕ್ಕ ಬಿಡಿಸೋಕೆ ಜಾಗ ನೋಡಲ್ವಾ ಎಂದು ಬೈಯುತ್ತಿದ್ದಳಂತೆ. ಹೇಳುತ್ತ ಹೇಳುತ್ತ ಹೆಂಡತಿಯ ತುಟಿಯ ಕೊನೆಯಲ್ಲಿ ನಗು ಬಂತು.

"ನಿಮ್ಮ ಫ್ಯಾನಿನ ವಿಷಯ ಕಂಡುಹಿಡಿಯೋಕೆ ಆ ಮಹಾರಾಯ ಗಣಿತ ಓದಬೇಕಾಗಿತ್ತಾ," ಎಂದಳು.

ಅವನು ಮೇಜಿನ ಈಚೆ ನಿಂತೇ ಇದ್ದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಏನನ್ನಾದರೂ ಎತ್ತಿಕೊಡಲು, ಸರಿಸಿಡಲು, ತೆರೆಯಲು ಅವು ಹಾತೊರೆಯುತ್ತಿದ್ದವು. ಕತ್ತಲಾಗುತ್ತಿದೆ, ದೀಪ ಹಾಕಲೇ ಎಂಬ ಮಾತು ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ನುಂಗಿದ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ, ಶಾಲೆಯಲ್ಲಿ ಎದ್ದು ನಿಂತ ಹುಡುಗನ ಹಾಗೆ.

"ನಿಮ್ಮಮ್ಮ ಹೋದ ದಿನ ನಾನು ಅಲ್ಲಿರಲಿಲ್ಲ."

ಸೂಜಿ ನಿಲ್ಲಲಿಲ್ಲ. ಅವಳು ಆ ಹೊಲಿಗೆ ಮುಗಿಸಿ, ಗಂಟು ಹಾಕಿ, ಗಂಟನ್ನು ಉಗುರಿನಿಂದ ಒತ್ತಿ ನೋಡಿದಳು.

"ಗೊತ್ತು," ಎಂದಳು.

ಕುರ್ಚಿಯ ವಿಷಯ, ಕಿಟಕಿಯ ವಿಷಯ, ನೀರಿನ ವಿಷಯ ಅವನು ತೊದಲುತ್ತ ಹೇಳಿದ. ಅವಳು ಅವನು ಏನು ಹೇಳುತ್ತಿದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆಮೇಲೆ ತಲೆಯಾಡಿಸಿದಳು. ಅವತ್ತು ಅವಳು ನಂಬಿದ್ದಳು. ಅವತ್ತು ಅವನು ಏನು ಹೇಳಿದ್ದರೂ ನಂಬುತ್ತಿದ್ದಳು. ನಿಂತಿದ್ದರೆ ಬಿದ್ದುಬಿಡುತ್ತಿದ್ದಳು, ಕುರ್ಚಿ ತಂದದ್ದು ಒಳ್ಳೆಯದಾಯಿತು ಎಂದಷ್ಟೇ ಅವಳಿಗೆ ನೆನಪು. ಗೊತ್ತಾದದ್ದು ಮೂರನೆಯ ದಿನ. ತಾಯಿಯ ಕನ್ನಡಕ ಶಾಲು ಆಸ್ಪತ್ರೆಯಲ್ಲೇ ಉಳಿದಿದ್ದವು, ತರಲು ಹೋಗಿದ್ದಳು. ವಾರ್ಡಿನ ಆಯಾ ಅವನ್ನು ಒಂದು ಗಂಟು ಕಟ್ಟಿ ಎತ್ತಿಟ್ಟಿದ್ದಳು. ಚಾಡಿ ಹೇಳಬೇಕೆಂದಲ್ಲ, ಮಗಳಿಗೆ ಸಮಾಧಾನವಾಗಲೆಂದೇ ಆಯಾ ಹೇಳಿದ್ದು. ನಿಮ್ಮ ಯಜಮಾನರು ಕೆಳಗೆ ಹೋಗಿದ್ದರು, ನಾನು ನೆಲ ಒರೆಸುತ್ತಿದ್ದೆ, ಉಸಿರು ಬೇರೆ ಥರ ಆಯಿತು. ಮಂಚದ ಮೇಲೆ ಕೂರಬಾರದು ಅಂತ ನಮಗೆ ರೂಲ್ಸ್, ಆದರೂ ಕೂತೆ. ಅಮ್ಮನ ಕೈ ಹಾಸಿಗೆಯ ಮೇಲೆ ಏನನ್ನೋ ಹುಡುಕುತ್ತಿತ್ತು, ಹಿಡಿದುಕೊಂಡೆ. ಕಣ್ಣು ಬಿಟ್ಟರು. ನನ್ನನ್ನ ನೀವು ಅಂದುಕೊಂಡರು. ಊಟ ಆಯ್ತಾ ಅಂತ ಕೇಳಿದರು.

"ಆಯ್ತಮ್ಮ ಅಂದಳಂತೆ ಅವಳು. ಬೆಳಗಿನಿಂದ ಒಂದು ಲೋಟ ಟೀ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ ಅವಳಿಗೆ. ಆಯ್ತಮ್ಮ ಅಂದಳಂತೆ. ಅದನ್ನ ಕೇಳಿಸ್ಕೊಂಡು ಅಮ್ಮ ಕಣ್ಣು ಮುಚ್ಚಿದರಂತೆ." ಅವಳು ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಬಂದವರ ಹತ್ತಿರ ನಾನು ಸುಳ್ಳು ಹೇಳಲಿಲ್ಲ ಕಣ್ರೀ. ಕೈ ಹಿಡ್ಕೊಂಡಿದ್ದು ನಿಜ. ಹಿಡ್ಕೊಂಡಿದ್ದು ನೀವಲ್ಲ, ಅಷ್ಟೇ."

ಹೊದಿಕೆಯ ಮೇಲಿನ ಆ ಕೈ. ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಯಾರದೋ ಅಂಗಡಿಯ ತಕ್ಕಡಿ ಸ್ಥಿರವಾಗಲೆಂದು ಕಾಯುವಾಗ ಎದುರಿಗೆ ಬಂದು ತಡಕಾಡುತ್ತಿದ್ದ ಕೈ. ಅದಕ್ಕೆ ಅಷ್ಟು ವರ್ಷವೂ ಇನ್ನೊಂದು ಕೈ ಇತ್ತು, ನೆಲ ಒರೆಸುವ ನೀರಲ್ಲಿ ನೆನೆದದ್ದು. ಅವನು ಸುಳ್ಳು ಹೇಳದೇ ಇದ್ದಿದ್ದರೆ ಮೂರನೆಯ ದಿನವೇ ಅವಳು ಓಡಿ ಬಂದು ಅದನ್ನು ಅವನಿಗೆ ಕೊಡುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ.

"ಮೊದಲನೇ ವರ್ಷ ಕೋಪಕ್ಕೆ ಹೇಳಲಿಲ್ಲ. ಒದ್ದಾಡಲಿ ಅಂತಲೇ." ಅವಳು ಅದನ್ನು ಹೇಳುವಾಗ ಅವನ ಮುಖ ತಪ್ಪಿಸಲಿಲ್ಲ. ಆ ವರ್ಷ ಅವನಿಗೆ ನೆನಪಿತ್ತು. ತಾಯಿಯ ದುಃಖದಲ್ಲಿ ಮಾತು ಬಿಟ್ಟಿದ್ದಾಳೆ ಎಂದುಕೊಂಡು ಅವನು ಬೆಕ್ಕಿನ ಹೆಜ್ಜೆಯಲ್ಲಿ ಮನೆಯೊಳಗೆ ಓಡಾಡಿದ ವರ್ಷ. "ಆಮೇಲೆ ಕೋಪ ಹೋಯ್ತು. ಹೇಳೋಣ ಅಂತ ಎಷ್ಟೋ ಸಲ ಬಾಯಿಗೆ ಬಂತು. ಆದರೆ ಅದನ್ನ ಹೇಳಬೇಕಾದ್ರೆ ನೀವು ಅಲ್ಲಿರಲಿಲ್ಲ ಅನ್ನೋದನ್ನ ಮೊದಲು ಹೇಳಬೇಕಿತ್ತು. ಅದು ನೀವು ಹೇಳಬೇಕಾದ ಮಾತು. ನಾನು ಹೇಗೆ ಹೇಳಲಿ?"

ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು. ಅವಳು ಮುಂದಿನ ಕಟ್ಟನ್ನು ಎತ್ತಿಕೊಳ್ಳಲಿಲ್ಲ. ಎಲ್ಲಿಗೆ ಹೋಗಿದ್ರಿ ಎಂದು ಕೇಳಿದಳು, ಸಂತೆಗೋ ಕಚೇರಿಗೋ ಹೋಗಿ ಬಂದವನನ್ನು ಕೇಳುವ ಹಾಗೆ. ಹತ್ತೊಂಬತ್ತು ವರ್ಷ ಅವಳು ಇಟ್ಟುಕೊಂಡಿದ್ದ ಪ್ರಶ್ನೆ ಅದೊಂದೇ ಎಂದು ಅವನಿಗೆ ತಿಳಿಯಿತು. ಅವಳು ಏನೇನು ಊಹಿಸಿಕೊಂಡಿರಬಹುದು. ಎಲ್ಲೋ ಕೂತು ಅತ್ತ, ಯಾರನ್ನೋ ನೋಡಲು ಹೋದ, ಎದುರಿನ ಹೋಟೆಲಿನಲ್ಲಿ ತಿಂಡಿ ತಿಂದ. ಅವುಗಳಲ್ಲಿ ಯಾವುದಾಗಿದ್ದರೂ ಹೇಳುವುದು ಸುಲಭವಿತ್ತು.

ಕೆಳಗೆ, ಹೊರರೋಗಿಗಳ ಬಾಗಿಲ ಹತ್ತಿರ, ಜನರ ತೂಕ ನೋಡುವ ಯಂತ್ರವಿತ್ತು ಎಂದ. ಸುಮ್ಮನೆ ಹತ್ತಿ ನಿಂತ. ಎರಡು ಕಿಲೋ ಹೆಚ್ಚು ತೋರಿಸಿತು. ತನ್ನ ತೂಕ ತನಗೆ ಗೊತ್ತಿಲ್ಲವೇ? ಇಳಿದು ಮತ್ತೆ ಹತ್ತಿದ. ಔಷಧಿ ಅಂಗಡಿಯವನ ಹತ್ತಿರ ಹತ್ತು ಕಿಲೋ ಎಂದು ಅಚ್ಚಾಗಿದ್ದ, ಒಡೆಯದ ಪೆಟ್ಟಿಗೆಯೊಂದನ್ನು ಬೇಡಿ ತಂದು ಇಟ್ಟು ನೋಡಿದ. ಹನ್ನೆರಡು. ಕೆಳಗಿನ ತಿರುಪು ಸಡಿಲವಾಗಿತ್ತು. ನಾಣ್ಯದಿಂದ ತಿರುಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಮತ್ತೆ ಪೆಟ್ಟಿಗೆ ಇಟ್ಟು, ಮತ್ತೆ ತಿರುಗಿಸಿ. ಆಮೇಲೆ ಆಸ್ಪತ್ರೆಯ ಕಚೇರಿಗೆ ಒಂದು ಚೀಟಿ ಬರೆದ, ಯಂತ್ರದಲ್ಲಿ ದೋಷವಿತ್ತು, ಸರಿಪಡಿಸಿದೆ ಎಂದು. ಚೀಟಿಯ ಮೇಲೆ ದಿನಾಂಕ, ಸಮಯ, ಸಹಿ. ಮೇಲೆ ನರ್ಸ್ ಬರೆದುಕೊಂಡ ಸಮಯಕ್ಕೂ ಅದಕ್ಕೂ ನಾಲ್ಕೇ ನಿಮಿಷದ ವ್ಯತ್ಯಾಸ. ಇದನ್ನು ಹೇಗೆ ಹೇಳಲಿ ಕಣೇ ನಿನಗೆ, ಎಂದ. ತಾಯಿ ಸಾಯುವಾಗ ನಾನು ತಿರುಪು ತಿರುಗಿಸ್ತಿದ್ದೆ ಅಂತ ಹೇಗೆ ಹೇಳಲಿ.

ಅವಳ ಭುಜ ಅಲುಗಿತು. ಮೊದಲು ಅದು ನಗುವೇ, ಖಂಡಿತ ನಗು. ಬಾಯಿಗೆ ಕೈ ಅಡ್ಡ ಹಿಡಿದು, ಅಯ್ಯೋ ನಿಮ್ಮ ಎಂದಷ್ಟೇ ಹೇಳಿ ಮುಂದೆ ಹೇಳಲಾಗದೆ, ಮೇಜಿನ ಮೇಲೆ ಬಾಗಿದಳು. ಹಾಳೆಯ ಕಟ್ಟುಗಳು ಒಂದೆರಡು ಜಾರಿದವು. ಆಮೇಲೆ ಅದು ನಿಂತಿತು. ಅವಳು ನೇರವಾಗಿ ಕೂತಳು, ಏನೋ ಹೊಳೆದವಳಂತೆ.

"ಅಮ್ಮನ್ನ ಸೇರಿಸಿಕೊಳ್ಳುವಾಗ ಆ ಯಂತ್ರದ ಮೇಲೇ ನಿಲ್ಲಿಸಿದ್ದರು," ಎಂದಳು. "ನಾನೇ ಹಿಡ್ಕೊಂಡಿದ್ದೆ. ನಲವತ್ತೊಂದು ಅಂತ ಬರೆದುಕೊಂಡರು. ನಲವತ್ತರ ಮೇಲಿದೆಯಲ್ಲ, ಪರವಾಗಿಲ್ಲ ಅಂದಿದ್ದರು."

ಅವನು ಲೆಕ್ಕ ಹಾಕಬೇಕಾಗಿರಲಿಲ್ಲ. ಆದರೂ ತಪ್ಪಾಗಬಾರದೆಂದು ಒಂದು ಕ್ಷಣ ತಡೆದ.

"ಮೂವತ್ತೊಂಬತ್ತು," ಎಂದ.

"ಮೂವತ್ತೊಂಬತ್ತೇ ಇದ್ದದ್ದು," ಎಂದಳು ಅವಳು, ಮೆಲ್ಲಗೆ, ಯಾರನ್ನೋ ಎತ್ತಿಕೊಂಡವಳ ಹಾಗೆ ತೋಳು ಸ್ವಲ್ಪ ಮುಂದೆ ಚಾಚಿ.

ಅವನು ಅವಳ ಮುಖದ ಕಡೆ ನೋಡಲು ಹೋಗಲಿಲ್ಲ. ಅವಳ ಪಕ್ಕದ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ನೆಲಕ್ಕಿಳಿಸಿ, ತಾನೇ ಕೂತುಕೊಂಡ.